ಕಾಣೆಯಾದ ಖಾದಿ ಬಾವುಟ

ಪೆಟ್ಟಿಗೆ ಖಾಲಿ!

ತೋಟಪ್ಪ ಸಾವ್ಕಾರ ಜಗುಲಿಗೆ ತಂದಿಟ್ಟ ಪೆಟ್ಟಿಗೆಯ ಮುಚ್ಚಳ ಹಿಡಿದು ಹಾಗೇ ನಿಂತುಬಿಟ್ಟ. ೧೯೫೫ರ ಆಗಸ್ಟ್ ಹದಿನೈದು, ಬೆಳಗಿನ ಏಳು ಗಂಟೆ. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಸ್ವಂತ ಮನೆಯ ಮೇಲೆ ಬಾವುಟ ಏರಿಸುವವನು ತಾನೇ ಮೊದಲಿಗ ಎಂದು ವಾರದಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದ ಮಹಾರಾಯ! ಈಗ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿದೆ. ಬಾವುಟ ಎಲ್ಲಿ?

ಗುಂಪಿನಲ್ಲಿದ್ದ ಕಮ್ಮಾರ ದುರಗಪ್ಪ ಕತ್ತು ಚಾಚಿ ಪೆಟ್ಟಿಗೆಯೊಳಗೆ ಇಣುಕಿದ. ಗುಡ್ಡದ ಗಾಳಿಗೆ ತೆಳು ಬಟ್ಟೆ ಎರಡು ದಿನ ತಾಳುವುದಿಲ್ಲವೆಂದು ಹಟ ಹಿಡಿದು, ಹುಬ್ಬಳ್ಳಿಯಿಂದ ದಪ್ಪ ಖಾದಿಯದನ್ನೇ ತರಿಸಿದವನು ಅವನು. ಗೋಡೆಗೆ ಬಡಿದ ಕಬ್ಬಿಣದ ಕೊಂಡಿ, ಹಗ್ಗ ಎಳೆಯುವ ಹಿತ್ತಾಳೆ ಗಾಲಿ — ಎಲ್ಲ ಅವನ ಕೈಕೆಲಸ. ನಿನ್ನೆ ಸಂಜೆಯಷ್ಟೇ ಕೂಡಿಸಿ ಹೋಗಿದ್ದ.

"ಫೌಜದಾರ್ರ, ಇಲ್ಲಿ ಬರ್ರಿ!" ಬಾವುಟ ಹುಡುಕುತ್ತ ಹಿತ್ತಲಿಗೆ ಹೋದ ತೋಟಪ್ಪ ಅಲ್ಲಿಂದ ಕೂಗಿದ.

ಎದುರುಮನೆಯ ಗ್ಯಾನಪ್ಪ ನಿವೃತ್ತ ಫೌಜದಾರ, ಪೊಲೀಸ್ ಠಾಣೆ ನಡೆಸಿದವನು; ಕೂಗು ಕೇಳಿ ಧಾವಿಸಿದ. ದುರಗಪ್ಪನೂ ಅವನ ಹಿಂದೆ ಓಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗೈಯಗಲದ ಕೆಂಪು ಕಲೆ. ಸುತ್ತ ಒಣಗಿದ ಸಾಬೂನಿನ ನೊರೆ.

"ಎಲಿ ಅಡಕಿ ಉಗುಳು!" ತೋಟಪ್ಪ ತಿರುಗಿದ. "ದುರಗಪ್ಪಾ, ನಿನ್ನೆ ಇಲ್ಲಿ ಕೈ ತೊಳಕೊಂಡಾಂವ ನೀನ ಅಲ್ಲೇನು?"

"ತೊಳಕೊಂಡೀನ್ರಿ. ಉಗುಳಿಲ್ರಿ!"

"ನಿನ್ನ ಕೊಂಡಿ ಗಾಳಿಗೆ ಕಿತ್ತು ಬಿದ್ದರ ಮರ್ಯಾದಿ ಹೋಗತೈತಿ ಅಂತ ಝಂಡಾನ ಎತ್ತಿಕೊಂಡು ಹೋಗೀದಿ. ಕಳ್ಳ!"

ಆ ಮಾತು ಗೋಡೆ ದಾಟಿ ಓಣಿಗೆ ಕೇಳಿಸಿತು. ದುರಗಪ್ಪ ಮನೆಮನೆಯೊಳಗೆ ಹೋಗಿ ಚಿಲಕ, ಅಗಳಿ ಕೂಡಿಸಿ ಹೊಟ್ಟೆ ಹೊರೆಯುವವನು. ಕಳ್ಳ ಎನಿಸಿಕೊಂಡ ಮೇಲೆ ಹೊಸ್ತಿಲ ಒಳಗೆ ಯಾರು ಬಿಟ್ಟುಕೊಂಡಾರು?

ಗ್ಯಾನಪ್ಪ ಹೊರಗೆ ಬಂದು ಏಣಿ ಹತ್ತಿ, ಕೊಂಡಿಗೆ ಎರಡೂ ಕೈ ಹಾಕಿ ಜೋತುಬಿದ್ದ. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇಂಥಾ ಕೊಂಡಿ ಬಡದಾಂವಗ ಎಂಥಾ ಅಂಜಿಕಿ?" ಇಳಿದವನೇ ಕೇಳಿದ. "ಪೆಟಗಿ ರಾತ್ರಿ ಎಲ್ಲಿತ್ತು?"

"ದೇವರ ಮನ್ಯಾಗ್ರಿ."

"ದುರಗಪ್ಪ ಅಲ್ಲಿಗೆ ಬಂದಿದ್ನೇನು?"

"ಅಲ್ಲಿ... ಹೊರಗಿನವ್ರು ಯಾರೂ ಬರಂಗಿಲ್ರಿ."

"ಮತ್ತ?"

ಗ್ಯಾನಪ್ಪ ತಿರುಗಿ ಹಿತ್ತಲಿಗೆ ನಡೆದು, ಒಂದು ನಿಂಬೆಹಣ್ಣು ತರಿಸಿ, ಹಿಂದೆ ಬಂದವರೆಲ್ಲ ನೋಡುತ್ತಿದ್ದಂತೆ ಕಲ್ಲಿನ ಮೇಲೆ ಹಿಂಡಿದ.

ಕೆಂಪು ಕಲೆ ಹಳದಿಗೆ ತಿರುಗಿತು!

"ಇದು ಅರಿಷಿಣ," ಎಂದ. "ಸಬಕಾರ ಹತ್ತಿದರ ಕೆಂಪಾಗತೈತಿ, ಹುಳಿ ಬಿದ್ದರ ತಿರುಗಿ ಹಳದಿ. ಎಲ್ಲಾರೂ ಕೆಂಪು ನೋಡಿದ್ರಿ, ನೊರಿ ಯಾರೂ ನೋಡಲಿಲ್ಲ. ಕದಿಯಾಕ ಬಂದಾಂವ ಅರಿವಿ ಒಗದು ಹೋಗತಾನೇನು? ಹೊಸಾ ಅರಿವಿಗೆ ಅರಿಷಿಣ ಹಚ್ಚದ ಹೊರಗ ತೆಗೀದವ್ರು ಈ ಮನ್ಯಾಗ ಯಾರು?"

ಎಲ್ಲರ ಕಣ್ಣು ಅಡುಗೆಮನೆ ಬಾಗಿಲಿಗೆ ಹೋಯಿತು. ಅಲ್ಲಿ ತೋಟಪ್ಪನ ತಾಯಿ ಮಾನವ್ವ ನಿಂತಿದ್ದಳು. ಒಳಗೆ ಹೋಗಿ ಜೋಳದ ಗಡಿಗೆಯಿಂದ ಒದ್ದೆ ಗಂಟೊಂದನ್ನು ತಂದಳು.

"ಕೋರಾ ಹೊಸಾ ಅರಿವಿ ಹಂಗ ಏರಸಬಾರದು ಅಂತ ಬಿಳಿ ಪಟ್ಟಿ ಅಂಚಿಗೆ ಒಂದೀಟ ಹಚ್ಚಿದೆ. ಹರಡಿಬಿಡ್ತು. ತೊಳದರ ರಗತದಂಗ ಕೆಂಪಾತು! ದೇಶದ ಝಂಡಾ ಕೆಡಿಸಿದೆ ಅಂತ ಅಂಜಿ..."

"ಹುಳಿ ಹಾಕಿ ತೊಳದು ಬಿಸಲಿಗೆ ಒಣ ಹಾಕಬೇ ಯವ್ವಾ. ಆ ಕಲಿ ಹೋಗತೈತಿ," ಎಂದ ಗ್ಯಾನಪ್ಪ. "ದುರಗಪ್ಪಗ ಕಳ್ಳ ಅಂದಾಗ ಬಾಯಿ ಮುಚ್ಚಿಕೊಂಡು ನಿಂತೆಲ್ಲ, ಅದು ಹ್ಯಾಂಗ ಹೋಗತೈತಿ?"

ದುರಗಪ್ಪ ಆಗಲೇ ಕೆಲಸದ ಚೀಲ ಹೆಗಲಿಗೇರಿಸಿ ಹೊರಟಿದ್ದ. ಹಾಳಾಗಲಿ ಈ ಊರು, ಈ ಕೆಲಸ! ಹಿಂದೆ ಬಳೆಯ ಸದ್ದು. ತಿರುಗಿ ನೋಡಿದರೆ ಮಾನವ್ವ! ಸೊಸೆಯಾಗಿ ಬಂದ ದಿನದಿಂದ ಪರಗಂಡಸರ ಎದುರು ದನಿ ಎತ್ತದ ಮುದುಕಿ ಓಣಿಯ ನಟ್ಟನಡುವೆ ನಿಂತಿದ್ದಳು.

"ಎಲ್ಲಾರೂ ಕೇಳ್ರಿ! ಮುಚ್ಚಿಟ್ಟಾಕಿ ನಾನು. ದುರಗಪ್ಪ ಕಳ್ಳ ಅಲ್ಲ!"

ತೋಟಪ್ಪ ತಲೆ ತಗ್ಗಿಸಿದ. ದುರಗಪ್ಪ ಹೆಗಲಿನ ಚೀಲ ಕೆಳಗಿಳಿಸಿದ.

"ಸಾಕ್ ಬಿಡಬೇ ಯವ್ವಾ," ಎಂದ. "ಇನ್ನ ನಾ ಯಾರ ಮನಿಯೊಳಗ ಬೇಕಾದ್ರೂ ಹೋಗಬಹುದು."