ಚಪ್ಪಲಿ ಸ್ಟ್ಯಾಂಡಿನ ಗಣಿ

"ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಕತ್ತರಿ ನನ್ನ ಹೆಬ್ಬೆರಳನ್ನೇ ಕತ್ತರಿಸ್ಲಿ," ಎಂದು ಟೈಲರ್ ಆಣೆಯಿಟ್ಟು, ಕತ್ತರಿಯನ್ನು ಸ್ವಲ್ಪ ದೂರ ಸರಿಸಿಟ್ಟ. ಎದುರಿಗಿದ್ದ ಗಿರಾಕಿ ಮನೆಯಲ್ಲಿಟ್ಟ ಮೈನಿಂಗ್ ಮಷೀನಿಗೆ ಧೂಳು ಕೂರದ ಹಾಗೆ ಗವಸು ಹೊಲಿಸಲು ಬಂದಿದ್ದ. "ಮೈನಿಂಗ್ ಮಷೀನಾ? ಹಾಗಾದ್ರೆ ಕೂತ್ಕೊಳ್ಳಿ ಸಾರ್," ಎಂದ ಟೈಲರ್. ಗಿರಾಕಿ ಕೂತ. ಅವನು ಮಾಡಿದ ತಪ್ಪು ಅದೇ.

ಆ ಭಾನುವಾರ ಸಂಜೆ ಐದಕ್ಕೆ ಎರಡನೇ ಮಹಡಿಯಿಂದ ಬಂದ ಚೀತ್ಕಾರ ಎಂಥದ್ದೆಂದರೆ, ಟೈಲರನ ಕೈಯಲ್ಲಿದ್ದ ಸೂಜಿ ತಾನಾಗಿಯೇ ದಾರ ಪೋಣಿಸಿಕೊಂಡಿತು. ಅವನು ಮೆಟ್ಟಿಲ ಕೆಳಗಿನ ತನ್ನ ಅಂಗಡಿಯಿಂದ ಓಡಿದ. ಮೆಟ್ಟಿಲ ಕಟಕಟೆಯ ಮೇಲೆ ಹರವಿದ್ದ ಒದ್ದೆ ಹೊದಿಕೆಯೊಂದು ದಾರಿಯಲ್ಲಿ ಅವನ ಕೆನ್ನೆಗೆ ಬಾರಿಸಿತು. ಮೇಲೆ, ಒಳಕೋಣೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಜೋಡಿಸಿದ್ದ ಮೈನಿಂಗ್ ಮಷೀನಿನ ನಾಲ್ಕು ಹಳೇ ಕಂಪ್ಯೂಟರ್ ಗೇಮಿಂಗ್ ಕಾರ್ಡುಗಳು ನೆನೆದ ಕೋಳಿಗಳ ಹಾಗೆ ಕೂತಿದ್ದವು. ಯಾರೋ ಒಂದು ಬಕೆಟ್ ಸೋಪಿನ ನೀರು ಸುರಿದಿದ್ದರು.

ಯಂತ್ರದ ಒಡೆಯನಿಗೆ ಬೀದಿಯವರು ಇಟ್ಟ ಹೆಸರು ಗಣಿಧಣಿ. ಹೊಟ್ಟೆಪಾಡಿಗೆ ಕನ್ನಡಕದಂಗಡಿಯ ಕೆಲಸ. ಆದರೆ ವರ್ಷದಿಂದ ಅವನ ಮಾತೆಲ್ಲ ಈ ಯಂತ್ರದ್ದೇ: ಅದು ಹಗಲೂ ರಾತ್ರಿ ಲೆಕ್ಕ ಮಾಡುತ್ತದಂತೆ, ಅದಕ್ಕೆ ಕೂಲಿಯಾಗಿ ಕ್ರಿಪ್ಟೋ ನಾಣ್ಯದ ಚೂರುಪಾರು ಬಂದು ಬೀಳುತ್ತದಂತೆ. "ನಾನು ಗೊರಕೆ ಹೊಡೀತಿದ್ರೂ ದುಡಿಮೆ ನಿಲ್ಲಲ್ಲ ಕಣ್ರೀ!" ಆ ಕೋಣೆಯ ಕಾವಿಗೆ ಗೋಡೆಯ ಹಲ್ಲಿ ಬಾಲದಿಂದ ಬೀಸಿಕೊಳ್ಳುತ್ತಿದ್ದುದನ್ನು ಟೈಲರ್ ಕಣ್ಣಾರೆ ಕಂಡಿದ್ದ. ಎಂಥ ಮಳೆಗಾಲದಲ್ಲೂ ಅಲ್ಲಿ ಬಟ್ಟೆ ಒಂದೇ ಗಂಟೆಯಲ್ಲಿ ಒಣಗುತ್ತದೆಂದು ಗಣಿಧಣಿಯ ಹೆಂಡತಿ ಊರಿಗೆಲ್ಲ ಹೇಳಿಕೊಂಡಿದ್ದಳು.

ಅದನ್ನು ಕೇಳಿ ಕೇಳಿ ಬೆಂದುಹೋದವಳು ಮೊದಲ ಮಹಡಿಯಲ್ಲಿದ್ದ ಅವಳ ತಂಗಿ. ಅಕ್ಕನ ಮನೆಗೆ ಹೊಸ ಪರದೆ ಬಂದ ದಿನ ಅವಳು ತನ್ನ ಪರದೆಗಳನ್ನು ಕಿತ್ತೆಸೆದಿದ್ದಳು. ಅವಳ ಗಂಡ ಹಲ್ಲಪ್ಪ ಮನೆಯಲ್ಲೇ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಹಲ್ಲು ಸುಡುವ ಪುಟ್ಟ ಕುಲುಮೆಯೊಂದೇ ಅವನ ಆಸ್ತಿ. ಹೆಂಡತಿಯ ಕಾಟ ತಾಳಲಾರದೆ ಅವನು ಸೋಮವಾರ ಬೆಳಿಗ್ಗೆ ಕುಲುಮೆ ಮಾರಿ, ಆ ದುಡ್ಡಿಗೆ ಷಡ್ಡಕನ ಈ ಯಂತ್ರವನ್ನೇ ಕೊಳ್ಳುವುದೆಂದು ಮಾತಾಗಿತ್ತು. ಗಣಿಧಣಿಗೆ ಇದನ್ನು ಕೊಟ್ಟು ಇನ್ನೂ ದೊಡ್ಡದೊಂದನ್ನು ತರುವ ಆಸೆ.

"ಇವನೇ!" ಗಣಿಧಣಿ ಹಲ್ಲಪ್ಪನ ಕತ್ತಿನ ಪಟ್ಟಿ ಹಿಡಿದಿದ್ದ. "ಎರಡಕ್ಕೆ ನಾವಿಬ್ಬರೂ ಸಿನಿಮಾಕ್ಕೆ ಹೋದ್ವಿ. ಇನ್ನೊಂದು ಕೀಲಿ ಇರೋದು ಇವನ ಮನೇಲಿ. ನಾಳೆ ಪೊಲೀಸಿಗೆ ಕೊಡ್ತೀನಿ!"

"ಭಾವ, ಕೊಳ್ಳೋನೇ ನಾನು! ನನ್ನ ಮಾಲಿಗೆ ನಾನೇ ನೀರು ಹಾಕ್ತೀನಾ?"

"ಕುಲುಮೆ ಬಿಡೋಕೆ ಮನಸ್ಸಿರ್ಲಿಲ್ಲ ನಿನಗೆ. ಹೆಂಡ್ತಿಗೆ ಹೆದರಿ ಒಪ್ಪಿದ್ದೆ."

ಅದೇನೋ ನಿಜವೇ.

ಅಷ್ಟರಲ್ಲಿ ಮೂರನೇ ಮಹಡಿಯಿಂದ ಮೀಟರಮ್ಮ ಇಳಿದು ಬಂದರು. ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಕಟ್ಟಡದಲ್ಲಿ ಚಮಚ ಕಳೆದರೂ ಪತ್ತೆ ಹಚ್ಚುವವರು ಅವರೇ. ಟೈಲರ್ ಅವರ ಬಲಗೈ. ಹನ್ನೊಂದು ವರ್ಷದಲ್ಲಿ ಅವನ ಊಹೆ ಒಮ್ಮೆಯೂ ಸರಿಬಂದಿರಲಿಲ್ಲ. ಅವರದ್ದು ಒಮ್ಮೆಯೂ ತಪ್ಪಿರಲಿಲ್ಲ. ಆ ಮುದುಕಿಗೆ ಒಂದು ಸಲವಾದರೂ ಮುಗ್ಗರಿಸಲು ಏನು ರೋಗ ಎಂದು ಅವನಿಗೆ ಒಳಗೊಳಗೇ ಕುದಿತ.

"ಹಲ್ಲಪ್ಪನೇ ಅಮ್ಮಾ," ಎಂದ ಅವನು, ಈ ಸಲ ಮೊದಲು ಹೇಳಿಬಿಡೋಣವೆಂದು.

"ಹಾಗಾದ್ರೆ ಅವನನ್ನ ಬಿಟ್ಟು ಬೇರೆಯವರನ್ನ ನೋಡೋಣ," ಎಂದರು ಮೀಟರಮ್ಮ.

ಅವರು ಫ್ಯೂಸ್ ಪೆಟ್ಟಿಗೆ ತೆರೆದು ನೋಡಿದರು. ಕೆಳಗಿಳಿದು, ಟೈಲರನ ಅಂಗಡಿಯ ಪಕ್ಕದಲ್ಲಿದ್ದ ಮೀಟರುಗಳ ಸಾಲಿನ ಮುಂದೆ ನಿಂತು ಸೊಂಟದ ಪುಟ್ಟ ಪುಸ್ತಕ ತೆಗೆದರು. ಹಾದುಹೋದಾಗಲೆಲ್ಲ ಎಲ್ಲರ ಮೀಟರನ್ನೂ ಬರೆದುಕೊಳ್ಳುವುದು ಅವರಿಗೆ ಬಿಡಲಾರದ ಚಾಳಿ. ಮೇಲೆ ಬರುವಾಗ ಒದ್ದೆ ಹೊದಿಕೆಯನ್ನು ಮುಟ್ಟಿ ನೋಡಿದರು.

"ಟೈಲರ್, ಮಧ್ಯಾಹ್ನ ನೀನು ಯಾರಿಗೋ ಬೈತಿದ್ದೆ?"

"ಬೈಯದೆ? ಒಂದು ಗಂಟೆಗೆ ಮೇಲಿಂದ ನೀರು ತೊಟ್ಟಿಕ್ಕಿ, ಇಸ್ತ್ರಿ ಮಾಡಿಟ್ಟ ಕೋಟು ಹಾಳಾಯ್ತು! ಇವರೂ ಅಲ್ಲೇ ಕೂತಿದ್ರಲ್ಲ, ಹನ್ನೆರಡರಿಂದ ಎರಡರವರೆಗೆ ಕೊರೀತಾ."

"ಕೊರೀತಿರ್ಲಿಲ್ಲ, ವಿವರಿಸ್ತಿದ್ದೆ," ಎಂದ ಗಣಿಧಣಿ. "ಆಮೇಲೆ ಇವಳೇ ಬೀಗ ಹಾಕ್ಕೊಂಡು ಇಳಿದು ಬಂದ್ಲು. ಅಂಗಿ ಬದಲಾಯಿಸ್ತೀನಿ ಅಂದ್ರೆ, ಹೊತ್ತಾಯ್ತು ನಡೀರಿ ಅಂದ್ಲು."

"ಸರಿ. ಎಲ್ಲರೂ ಕೂತ್ಕೊಳ್ಳಿ," ಎಂದರು ಮೀಟರಮ್ಮ.

ಅಕ್ಕ ತಂಗಿ, ಷಡ್ಡಕರಿಬ್ಬರು, ಟೈಲರ್ ನಡುಮನೆಯಲ್ಲಿ ಕೂತರು.

"ಓಡ್ತಿರೋ ಮಷೀನಿಗೆ ನೀರು ಬಿದ್ರೆ ಫ್ಯೂಸ್ ಹಾರಬೇಕು. ಹಾರಿಲ್ಲ. ಅಂದ್ರೆ ಮೊದಲು ಸ್ವಿಚ್ ಆರಿಸಿ ಆಮೇಲೆ ಸುರಿದಿದ್ದಾರೆ. ಯಾವಾಗ? ಈ ಮಷೀನು ಗಂಟೆಗೊಂದು ಯೂನಿಟ್ ತಿನ್ನುತ್ತೆ. ಹನ್ನೆರಡಕ್ಕೆ ನಾನು ಬರೆದಿದ್ದು ನಾಲ್ಕು ಸಾವಿರದ ಮುನ್ನೂರ ಹತ್ತು. ಈಗ ಮುನ್ನೂರ ಹನ್ನೊಂದು. ಐದು ಗಂಟೆಯ ಅವಧೀಲಿ ಬರೀ ಒಂದು ಯೂನಿಟ್, ಅದೂ ಫ್ರಿಡ್ಜು ತಿಂದಿದ್ದು. ನೀವು ಸಿನಿಮಾಕ್ಕೆ ಹೋದ ಮೇಲಲ್ಲ ಕಣಪ್ಪ, ಹನ್ನೆರಡಾದ ಸ್ವಲ್ಪ ಹೊತ್ತಿಗೇ ಇದು ನಿಂತಿದೆ."

ಗಣಿಧಣಿಯ ಕೈ ಹಲ್ಲಪ್ಪನ ಪಟ್ಟಿಯಿಂದ ಜಾರಿತು.

"ಇನ್ನು ಹೊದಿಕೆ. ವರ್ಷವಿಡೀ ಈ ಮನೆ ಬಟ್ಟೆ ಒಣಗಿದ್ದು ಒಳಕೋಣೇಲಿ. ಇವತ್ತೊಂದೇ ದಿನ, ಒಂದು ಗಂಟೆಗೇ, ಮೆಟ್ಟಿಲ ಮೇಲೆ ಯಾಕೆ ಬಂತು? ಒಳಗೆ ಕಾವಿಲ್ಲ ಅಂತ ಒಗೆದವರಿಗೆ ಆಗಲೇ ಗೊತ್ತಿತ್ತು." ಮೀಟರಮ್ಮ ಅಕ್ಕನ ಕಡೆ ತಿರುಗಿದರು. "ಬಕೆಟ್ ನೀರು ದಂಡ ಮಾಡಬಾರದು ಅಂತ ಬಟ್ಟೆ ಒಗೆದ ನೀರನ್ನೇ ಸುರಿದಿದ್ದೀಯಲ್ಲ. ನಿನ್ನ ಅಚ್ಚುಕಟ್ಟೇ ನಿನ್ನನ್ನ ಹಿಡಿದುಕೊಡ್ತು ತಾಯಿ."

"ನೀನಾ?" ಗಣಿಧಣಿ ಬಾಯಿ ಬಿಟ್ಟ. "ಬಂಗಾರದ ಮೊಟ್ಟೆ ಇಡ್ತಿತ್ತಲ್ಲೇ ಅದು!"

"ನೂರು ತಿಂದು ಅರವತ್ತರ ಮೊಟ್ಟೆ ಇಡ್ತಿತ್ತು," ಎಂದಳು ಅಕ್ಕ. ಅವಳು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು. "ಬರೋದು ನಿಮ್ಮ ಫೋನಲ್ಲಿ ಕಾಣೋದು. ಕರೆಂಟ್ ಬಿಲ್ಲು ಬರ್ತಿದ್ದದ್ದು ನನ್ನ ಕೈಗೆ. ಕಾರ್ಡು ಕೊಂಡ ದುಡ್ಡು ಹಾಗಿರ್ಲಿ, ಒಂದು ತಿಂಗಳೂ ಅದು ತನ್ನ ಕರೆಂಟಿನ ಖರ್ಚು ಹುಟ್ಟಿಸ್ಲಿಲ್ಲ. ಅದರಿಂದ ಲಾಭ ಅಂತ ಆಗಿದ್ದು ಬಟ್ಟೆ ಒಣಗಿದ್ದೊಂದೇ."

"ಹಾಗಾದ್ರೆ ನಿನ್ನ ಪರದೆ?" ತಂಗಿಯ ದನಿ ಸಣ್ಣದಾಯಿತು.

"ಟ್ಯೂಷನ್ ದುಡ್ಡು."

"ಫ್ರಿಡ್ಜು?"

"ಕಂತು. ಇನ್ನೂ ಆರು ಬಾಕಿ."

"ನನಗೊಂದು ಮಾತು ಹೇಳಿದ್ರೆ ಮುಗಿತಿತ್ತಲ್ಲಕ್ಕ!"

"ಹೇಗೆ ಹೇಳ್ಲಿ?" ಅಕ್ಕ ಕಟ್ಟೊಡೆದವಳಂತೆ ಅತ್ತಳು. "ಹೊಸ ಲಂಗ ನಿನಗೆ, ಕಿಟಕಿ ಪಕ್ಕದ ಹಾಸಿಗೆ ನಿನಗೆ, ಅಪ್ಪನ ತೊಡೆ ನಿನಗೆ. ಹುಟ್ಟಿದಾಗಿಂದ ನಿನ್ನ ನೋಡಿ ನಾನು ಕರುಬಿದ್ದೆ. ಈ ಮಷೀನು ಬಂದ ಮೇಲೆ ಮೊದಲ್ನೇ ಸಲ ನೀನು ನನ್ನ ನೋಡಿ ಕರುಬಿದೆ. ತಿಂಗಳು ತಿಂಗಳು ನಾನು ಬಿಲ್ಲು ಕಟ್ಟಿದ್ದು ಅದಕ್ಕೇ ಕಣೇ. ಆದರೆ ನಾಳೆ ಇವನ ಕುಲುಮೆ ಹೋಗಿಬಿಟ್ರೆ ನೀವು ಉಣ್ಣೋದೇನು? ನಿಜ ಹೇಳೋಕೆ ನಾಲಿಗೆ ಬರ್ಲಿಲ್ಲ. ಬಕೆಟ್ ಎತ್ತೋಕೆ ಕೈ ಬಂತು."

ತಂಗಿ ಎದ್ದು ಹೊರಗೆ ಹೋದಳು. ಮುನಿಸಿಕೊಂಡಳೆಂದೇ ಟೈಲರ್ ಊಹಿಸಿದ. ಎಂದಿನಂತೆ ತಪ್ಪಾಗಿ ಊಹಿಸಿದ. ಅವಳು ಕಟಕಟೆಯ ಮೇಲಿನ ಒದ್ದೆ ಹೊದಿಕೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ರೀ, ಕುಲುಮೆ ಕೊಳ್ಳೋನಿಗೆ ನಾಳೆ ಬರಬೇಡ ಅನ್ನಿ," ಎಂದಳು ಗಂಡನಿಗೆ. ಆಮೇಲೆ ಅಕ್ಕನಿಗೆ, "ನಮ್ಮ ಕುಲುಮೆ ಕೋಣೇಲಿ ಇದು ಮುಕ್ಕಾಲು ಗಂಟೆಗೇ ಒಣಗುತ್ತೆ. ನಿಂದು ಒಂದು ಗಂಟೆ ತಗೋತಿತ್ತಲ್ವಾ?"

ಅಕ್ಕ ಮೂಗೊರೆಸಿಕೊಂಡು ನಕ್ಕಳು. ನಗುತ್ತಲೇ ಅವಳ ಮುಖ ಒಂದು ಚಣ ಹಳೇ ರೀತಿಯಲ್ಲಿ ಕಪ್ಪಿಟ್ಟಿತೆಂದು ಟೈಲರ್ ಈಗಲೂ ಕತ್ತರಿ ಮುಟ್ಟಿ ಹೇಳುತ್ತಾನೆ.

"ಇದಕ್ಕಿಂತ ದೊಡ್ಡ ತಮಾಷೆ ಆಮೇಲಿಂದು ಸಾರ್," ಎಂದು ಅವನು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡ. "ಕಾರ್ಡುಗಳನ್ನ ಕುಲುಮೆ ಕೋಣೇಲಿ ಒಣಗೋಕಿಟ್ರು. ಮೂರನೇ ದಿನ ಹೋಗಿ ನೋಡಿದ್ರೆ ನಾಲ್ಕರಲ್ಲಿ ಒಂದು ಕಾರ್ಡಿನ ಫ್ಯಾನು ತಾನಾಗೇ ತಿರುಗೋಕೆ ಶುರುವಾಗಿ... ಅಯ್ಯೋ, ಸಾರ್! ಎಲ್ಲಿಗೆ ಹೊರಟ್ರಿ? ಗವಸಿನ ಅಳತೆ ಕೊಡ್ಲಿಲ್ಲ! ನಿಮ್ಮನೆ ಮೀಟರು ಎಲ್ಲಿಗೂ ಓಡಿಹೋಗಲ್ಲ ಸಾರ್, ಆಮೇಲೆ ನೋಡ್ಕೊಳ್ಳಿ, ಆ ಕಾರ್ಡು ಮಾತ್ರ ಆವತ್ತು—"