ಬೆನ್ನಿನ ಕಡೆಯ ಫೋಟೊ

ಶನಿವಾರ ಸಂಜೆ ಆರೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗಿಯ ಮುಖಕ್ಕೆ ಬಂಗಾರದ ಬಣ್ಣ, ತಲೆಗೆ ಕಿರೀಟ, ಕಾಲಿಗೆ ಮೊಣಕಾಲುದ್ದದ ಬೂಟು. ಹಿಂದೆಯೇ ಬಂದ ಅಕ್ಕನ ಕೈಯಲ್ಲಿ ಮಾಮೂಲಿ ಚೀಲ, ಮುಖದಲ್ಲಿ ಮಾಮೂಲಿ ಸಿಟ್ಟು. ಹೆಡ್ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದರು. ಇಡೀ ನೌಕರಿಯಲ್ಲಿ ಯಾವುದಕ್ಕೂ ಹುಬ್ಬೇರಿಸದ ಈ ಮನುಷ್ಯನನ್ನು ಠಾಣೆಯಲ್ಲಿ ಎಲ್ಲರೂ ವೇದಾಂತಿ ಎಂದೇ ಕರೆಯುತ್ತಿದ್ದರು.

“ಏನು ಕಳುವಾಗಿದೆ?”

“ರೆಕ್ಕೆ.”

“ಯಾವುದರದ್ದು?”

“ನಂದು.”

ವೇದಾಂತಿ ಅದನ್ನೂ ಬರೆದುಕೊಂಡರು. ಒಳಗೆ ಟೀ ಕುಡಿಯುತ್ತಿದ್ದ ಇನ್ಸ್‌ಪೆಕ್ಟರ್ ಮೇಡಂ ಮಾತ್ರ ಲೋಟ ಅಲ್ಲೇ ಬಿಟ್ಟು ಎದ್ದು ಬಂದರು. ಇಂಥ ದೂರು ಬಾಗಿಲಿಗೆ ಬಂದಾಗ ಟೀ ಮುಗಿಸುತ್ತ ಕೂರುವುದು ಅವರ ಜಾಯಮಾನವಲ್ಲ.

ಬಿಡಿಸಿ ಕೇಳಿದಾಗ ವಿಷಯ ಸರಳವಾಗಿಯೇ ಇತ್ತು. ಪ್ರದರ್ಶನ ಭವನದಲ್ಲಿ ಎರಡು ದಿನದ ಅನಿಮೆ ಸಮ್ಮೇಳನ. ಜಪಾನಿ ಕಾರ್ಟೂನು ಸರಣಿಗಳ ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷವನ್ನು ತಾವೇ ತಯಾರಿಸಿ, ತೊಟ್ಟು, ಫೋಟೊ ತೆಗೆಸಿಕೊಳ್ಳುವ ಕೂಟ ಅದು. ಆ ವೇಷಗಾರಿಕೆಗೆ ಕಾಸ್‌ಪ್ಲೇ ಎಂದು ಹೆಸರು. ಈ ಹುಡುಗಿ ಬಿರುಗಾಳಿಯ ರಾಣಿ. ಫೋಮ್ ಹಾಳೆ ಕತ್ತರಿಸಿ, ಬಿಸಿಗಾಳಿಗೆ ಬಾಗಿಸಿ, ಗರಿಗರಿಗೂ ಬಣ್ಣ ಬಳಿದು ಮಾಡಿದ ರೆಕ್ಕೆಗೆ ಅಕ್ಕತಂಗಿಯರ ಎಂಟು ತಿಂಗಳ ರಜೆಗಳೆಲ್ಲ ಸಂದಿದ್ದವು. ನಾಳೆ ಹನ್ನೆರಡಕ್ಕೆ ವೇದಿಕೆಯ ಕೊನೆಯ ಸುತ್ತು. ನಾಟಕ ಮಂಡಳಿಯೊಂದರ ವಸ್ತ್ರವಿಭಾಗದ ಮುಖ್ಯಸ್ಥೆ ನೋಡಲು ಬರುತ್ತಾಳೆ. ರೆಕ್ಕೆ ಅವಳ ಕಣ್ಣೆದುರು ಬಿಚ್ಚಿ ಮಡಚಿದರೆ ಹುಡುಗಿಗೆ ಅಲ್ಲಿ ಕೆಲಸ.

“ಇಲ್ದಿದ್ರೆ?”

“ಇಲ್ದಿದ್ರೆ ಸೋಮವಾರ ಮತ್ತೆ ಮೊಬೈಲ್ ಅಂಗಡಿ ಕೌಂಟರ್,” ಅಂದಳು ಅಕ್ಕ. “ನೆನ್ನೆಯಿಂದ ಅವಳಿಗೆ ನಿದ್ದೆ ಇಲ್ಲ, ಅವಳಿಂದ ನನಗಿಲ್ಲ.”

ಎಫ್‌ಐಆರ್ ದಾಖಲಿಸಿ ಏಳಕ್ಕೆ ಹೊರಟರು. ಭವನದ ವೇಷ ಬದಲಿಸುವ ಕೋಣೆಯಲ್ಲಿ ರೆಕ್ಕೆ ತೂಗುಹಾಕಿದ್ದ ಸ್ಟ್ಯಾಂಡು ಬೋಳಾಗಿ ನಿಂತಿತ್ತು. ಐದು ಗಂಟೆಗೆ ಹುಡುಗಿ ಅದನ್ನು ಬಿಚ್ಚಿಟ್ಟು ತಿಂಡಿಗೆ ಹೋಗಿದ್ದಳು. ರೆಕ್ಕೆ ಹೊತ್ತ ರಾಣಿಗೆ ಕುರ್ಚಿಯಲ್ಲಿ ಕೂರುವ ಭಾಗ್ಯವಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲಿನ ಅಗಲ ನೋಡಿದರು.

“ಬಿಚ್ಚಿದ ರೆಕ್ಕೆ ಇದರಲ್ಲಿ ತೂರಲ್ಲ.”

“ಮಡಚಬೇಕು ಮೇಡಂ. ಬೆನ್ನಿನ ಹಲಗೆಯಲ್ಲಿ, ಗರಿಯಡಿ ಒಂದು ಪಿನ್ನಿದೆ. ಅದನ್ನ ಎಳೆದು ಮಡಚಬೇಕು. ಗೊತ್ತಿಲ್ದೆ ಜಗ್ಗಿದ್ರೆ ಸ್ಪ್ರಿಂಗ್ ಸಿಡಿದು ಗರಿಯೆಲ್ಲ ಉದುರುತ್ತೆ.”

ನೆಲದ ಮೇಲೆ ಹೇರ್‌ಪಿನ್ನು, ಅಂಟಿನ ಕಡ್ಡಿ, ಯಾರದೋ ಒಂದು ಕಣ್ಣಿನ ಕೃತಕ ರೆಪ್ಪೆಗೂದಲು ಬಿದ್ದಿದ್ದವು. ಗರಿ ಒಂದೂ ಇರಲಿಲ್ಲ.

“ಪಿನ್ನಿನ ವಿಷಯ ಯಾರ್ಯಾರಿಗೆ ಗೊತ್ತು?”

“ನಂಗೆ, ಅಕ್ಕಂಗೆ. ಮನೇಲೇ ಮಾಡಿದ್ದಲ್ವಾ.”

“ಮಾಡುವಾಗ ಇನ್ಯಾರೂ ಇರ್ಲಿಲ್ಲ?”

“ಯಾರೂ ಇಲ್ಲ. ಕ್ಲಿಕ್ಕಣ್ಣ ಬರ್ತಿದ್ದ, ಫೋಟೊ ತೆಗೆಯೋಕೆ. ಅವನು ಲೆಕ್ಕಕ್ಕಿಲ್ಲ.”

ಇನ್ಸ್‌ಪೆಕ್ಟರ್ ವೇದಾಂತಿಯ ಕಡೆ ತಿರುಗಿದರು. ವೇದಾಂತಿ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಕ್ಲಿಕ್ಕಣ್ಣನ ಜಾಗ ಸಭಾಂಗಣದ ತುದಿಯಲ್ಲಿ, ಗೋಡೆಗೆ ಒತ್ತಿಕೊಂಡಿತ್ತು. ಹುಡುಗಿ ರಟ್ಟಿನ ಕಿರೀಟ ಇಟ್ಟುಕೊಂಡಿದ್ದ ಕಾಲದಿಂದಲೂ ಅವಳ ಫೋಟೊ ತೆಗೆಯುತ್ತ ಬಂದ ಸಣಕಲು ಮನುಷ್ಯ. ಉಳಿದ ಫೋಟೊಗ್ರಾಫರುಗಳು ಗಂಟುಮೂಟೆ ಕಟ್ಟಿ ಹೊರಟಿದ್ದರು. ಇವನೂ ಲೈಟುಗಳನ್ನು ಚೀಲಕ್ಕೆ ತುಂಬಿದ್ದ. ಬೂದು ಬಣ್ಣದ ಹಿನ್ನೆಲೆ ಪರದೆ ಮಾತ್ರ ನೆಲ ಮುಟ್ಟುವಂತೆ ನಿಂತೇ ಇತ್ತು.

ಕೇಳಿದ ತಕ್ಷಣ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಒಂದು ಫೋಟೊದ ಹತ್ತಿರ ಇನ್ಸ್‌ಪೆಕ್ಟರ್ ತಾವಾಗಿಯೇ ನಿಂತರು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ಗರಿಗಳ ಅಂಚಿಗೆ ಹತ್ತಿಕೊಂಡಿತ್ತು. ಫೋಮ್ ಹಾಳೆ ಎಂಬುದು ಗೊತ್ತಿದ್ದೂ ಇವಳೀಗ ಹಾರುತ್ತಾಳೆ ಅನ್ನಿಸುತ್ತಿತ್ತು.

“ಚೆನ್ನಾಗಿದೆ.”

“ಆ ಬೆಳಕು ಇರೋದು ಐದೇ ನಿಮಿಷ ಮೇಡಂ,” ಎಂದ ಕ್ಲಿಕ್ಕಣ್ಣನ ಮುಖ ಅರಳಿತು.

“ಇನ್ನೂ ಇದೆಯಾ?”

“ಇವತ್ತಿಂದು ಇಷ್ಟೇ.”

“ಎಲ್ಲ ಮುಂದಿನಿಂದ, ಪಕ್ಕದಿಂದ. ರೆಕ್ಕೆ, ಪಿನ್ನು ಎಲ್ಲ ಇರೋದು ಬೆನ್ನಲ್ಲಿ. ಬೆನ್ನಿನದು ಒಂದೂ ಇಲ್ವಲ್ಲ?”

“ಅದು ಸರಿಯಾಗಿ ಬಂದಿರ್ಲಿಲ್ಲ. ಅಳಿಸಿದೆ.”

“ಮನೇಲಿ ಮಾಡುವಾಗ ತೆಗೆದದ್ದು?”

“ಅದೂ…”

“ಅದೂ ಸರಿಯಾಗಿ ಬಂದಿರ್ಲಿಲ್ಲ. ಪಾಪ. ಲೈಟೆಲ್ಲ ಚೀಲಕ್ಕೆ ಹೋಯ್ತು, ಪರದೆ ಯಾಕೆ ಇನ್ನೂ ನಿಂತಿದೆ?”

ಕ್ಲಿಕ್ಕಣ್ಣ ಲ್ಯಾಪ್‌ಟಾಪ್ ಮುಚ್ಚಿದ.

ಪಂಚನಾಮೆಗೆ ಇಬ್ಬರು ಪಂಚರು ಬೇಕು. ಆ ಹೊತ್ತಿಗೆ ಕೈಗೆ ಸಿಕ್ಕವರು ಒಬ್ಬ ರಾಕ್ಷಸ, ಒಂದು ಬೆಕ್ಕು.

“ಕೊಂಬು ಬರೀಲಾ ಮೇಡಂ?” ವೇದಾಂತಿ ಕೇಳಿದರು.

“ಹೆಸರು, ಕಸುಬು ಸಾಕು.”

ರಾಕ್ಷಸ ಬ್ಯಾಂಕಿನ ಗುಮಾಸ್ತ, ಬೆಕ್ಕು ಹಲ್ಲಿನ ಡಾಕ್ಟರು. ಅವರ ಸಮಕ್ಷಮದಲ್ಲಿ ಪರದೆ ಇಳಿಸಲಾಯಿತು. ಗೋಡೆಗೊರಗಿ ರೆಕ್ಕೆ ಮಡಚಿಕೊಂಡು ನಿಂತಿತ್ತು. ಗರಿಗಳ ನಡುವೆ ತೆಳ್ಳನೆ ಕಾಗದ ಇಟ್ಟಿತ್ತು. ಪಿನ್ನು ಕಳೆಯದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಗಲಪಟ್ಟಿಗೆ ಕಟ್ಟಿತ್ತು. ಒಂದು ಗರಿಯೂ ಮುಕ್ಕಾಗಿರಲಿಲ್ಲ. ಹೆತ್ತ ತಾಯಿಯೂ ಕೂಸನ್ನು ಇಷ್ಟು ಜೋಪಾನವಾಗಿ ಸುತ್ತುವುದಿಲ್ಲ ಎಂದು ಬೆಕ್ಕು ಅಭಿಪ್ರಾಯಪಟ್ಟಿತು. ಪಂಚನಾಮೆಗೆ ಅದನ್ನು ಸೇರಿಸಲಿಲ್ಲ.

“ಯಾಕೋ ಹೀಗ್ ಮಾಡ್ದೆ?” ಹುಡುಗಿ ಕೇಳಿದಳು.

“ನಾಳೆ ವೇದಿಕೆ ಹತ್ತಿದ್ರೆ ಸಾವಿರ ಜನ ತೆಗೀತಾರೆ. ಆ ಕಿಟಕಿ ಬೆಳಕಲ್ಲಿ ನಾನು ತೆಗೆದದ್ದು ಒಂದೇ ಇರ್ಲಿ ಅಂದ್ಕೊಂಡೆ. ನಾಡಿದ್ದು ತಂದುಕೊಡ್ತಿದ್ದೆ.”

“ನಾಡಿದ್ದು ನಾನು ಕೌಂಟರ್‌ನಲ್ಲಿ ಇರ್ತಿದ್ದೆ. ನಾಳೆ ನಂಗೆ ಕೆಲಸದ ಪರೀಕ್ಷೆ.”

ಕ್ಲಿಕ್ಕಣ್ಣ ತಲೆಯೆತ್ತಿದ. ಆ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಎಂಟೂ ನಲವತ್ತಕ್ಕೆ ದಸ್ತಗಿರಿ ಆಯಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು, ಆದರೆ ಜಪ್ತಿಯಾದ ಮಾಲು ನ್ಯಾಯಾಲಯದ ಅಪ್ಪಣೆಯಿಲ್ಲದೆ ಠಾಣೆಯಿಂದ ಅಲುಗುವಂತಿಲ್ಲ.

“ಕಳ್ಳ ನಾಡಿದ್ದು ಕೊಡ್ತಿದ್ದ,” ಠಾಣೆಗೆ ಮರಳಿದ ಮೇಲೆ ಅಂದಳು ಅಕ್ಕ. “ನೀವು ಯಾವಾಗ ಕೊಡ್ತೀರಿ?”

ಇನ್ಸ್‌ಪೆಕ್ಟರ್ ನಕ್ಕರು. “ನಾಳೆ ಭಾನುವಾರ, ಬೆಳಗ್ಗೆ ಇವನನ್ನ ನ್ಯಾಯಾಧೀಶರ ಮನೇಲೇ ಹಾಜರುಪಡಿಸ್ತೀವಿ. ಮಾಲು ನಿಮ್ಮದೇ ಅಂತ ಅಲ್ಲೇ ತೋರಿಸಿದ್ರೆ, ಕಡತಕ್ಕೆ ಫೋಟೊ ಇಟ್ಕೊಂಡು ಮಾಲು ಬಿಡ್ತಾರೆ. ರಸೀದಿ ಇದೆಯಾ?”

“ಮನೇಲಿ ಮಾಡಿದ್ದಕ್ಕೆ ಯಾವ ರಸೀದಿ?”

ಬೆಂಚಿನ ಮೇಲೆ ಕೂತಿದ್ದ ಆರೋಪಿ ಕಾಲುಚೀಲದೊಳಗೆ ಬೆರಳು ಹಾಕಿ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ.

“ಅಳಿಸಿದೆ ಅಂದ್ರಿ?”

“ಅಳಿಸೋಕೆ ಕೈ ಬರ್ಲಿಲ್ಲ ಮೇಡಂ.”

ಎಂಟು ತಿಂಗಳೂ ಅದರಲ್ಲಿತ್ತು. ಅಡುಗೆಮನೆಯ ಮೇಜಿನ ಮೇಲೆ ಮೊದಲ ಗರಿ. ಬೆರಳು ಸುಟ್ಟುಕೊಂಡು ನಲ್ಲಿ ನೀರಿಗೆ ಹಿಡಿದ ಅಕ್ಕ. ಬೆನ್ನಿನ ಹಲಗೆ, ಪಿನ್ನು, ಪಿನ್ನಿನ ಪಕ್ಕದಲ್ಲಿ ಹುಡುಗಿಯ ಹೆಬ್ಬೆರಳು.

ಭಾನುವಾರ ಬೆಳಗ್ಗೆ ನ್ಯಾಯಾಧೀಶರು ಕನ್ನಡಕ ಏರಿಸಿ ಒಂದೊಂದೇ ಪ್ರಿಂಟನ್ನು ತಿರುವಿ ನೋಡಿದರು. ಕೊನೆಯದು ಕಿಟಕಿಯ ಬೆಳಕಿನದು.

“ಇದರಲ್ಲಿ ಬೆನ್ನೇ ಕಾಣಲ್ಲ. ಇದು ಯಾಕೆ?”

“ಇರಲಿ ಅಂತ, ಸರ್,” ಅಂದರು ಇನ್ಸ್‌ಪೆಕ್ಟರ್.

ನ್ಯಾಯಾಧೀಶರು ಅದನ್ನು ಇನ್ನೊಂದು ಗಳಿಗೆ ಹಿಡಿದುಕೊಂಡಿದ್ದು, ಅದರ ಹಿಂದೆಯೂ ಸಹಿ ಹಾಕಿದರು. ಆರೋಪಿಗೆ ಜಾಮೀನು, ರೆಕ್ಕೆಗೆ ಬಿಡುಗಡೆ.

ಸೋಮವಾರ ಹೇಳಿಕೆಗೆ ಸಹಿ ಹಾಕಲು ಬಂದ ಹುಡುಗಿಯನ್ನು ವೇದಾಂತಿ ಗುರುತು ಹಿಡಿಯಲಿಲ್ಲ, ಬಂಗಾರ ತೊಳೆದುಹೋಗಿತ್ತು. ರೆಕ್ಕೆ ಬಿಚ್ಚಿತಂತೆ, ಮಡಚಿತಂತೆ. ವಸ್ತ್ರವಿಭಾಗದವಳು ವೇದಿಕೆಯ ಹಿಂದೆ ಬಂದು ಕೇಳಿದ ಮೊದಲ ಪ್ರಶ್ನೆಯೇ ಪಿನ್ನು ಎಲ್ಲಿದೆ ಎಂಬುದಂತೆ. ಮುಂದಿನ ತಿಂಗಳಿಂದ ಕೆಲಸ.

ಸಹಿ ಹಾಕುವಾಗ ಅವಳ ಕಣ್ಣು ಕಡತದ ಫೋಟೊಗಳ ಮೇಲೆ ಬಿತ್ತು. ಪ್ರತಿಯೊಂದರ ಕೆಳಗೂ ‘ತೆಗೆದವರು’ ಎಂದು ಬರೆದು, ಮುಂದೆ ವೇದಾಂತಿ ದುಂಡನೆಯ ಅಕ್ಷರದಲ್ಲಿ ಒಂದು ಹೆಸರನ್ನು, ತಂದೆಯ ಹೆಸರು ಸಮೇತ, ತುಂಬಿದ್ದರು. ಅವಳು ಅದನ್ನು ಎರಡು ಸಲ ಓದಿದಳು.

“ಇದು ಯಾರ ಹೆಸರು ಸರ್?”

ವೇದಾಂತಿ ಪೆನ್ನಿಗೆ ಮುಚ್ಚಳ ಹಾಕಿದರು.

“ನಿಮ್ಮ ಕ್ಲಿಕ್ಕಣ್ಣಂದು, ಅಮ್ಮ.”