ತೊಳೆಯದ ರಕ್ತ

ಬೆಳಿಗ್ಗೆ ಎದ್ದ ಐಝಿರೆಕ್, "ಅಮ್ಮಾ, ಪರದೆ ಸರಿಸು" ಎಂದಳು. ಪರದೆ ಸರಿದೇ ಇತ್ತು. ಬಿಶ್ಕೇಕಿನ ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು.

ಒಂಬತ್ತು ವರ್ಷದ ಹುಡುಗಿ. ರೋಗ ತಡೆಯಬೇಕಾದ ಪ್ರತಿಕಾಯಗಳೇ ತಿರುಗಿಬಿದ್ದು ಅವಳ ಕಣ್ಣಿನ ನರದ ಹೊದಿಕೆಯನ್ನು ತಿನ್ನುತ್ತಿದ್ದವು. ಐದು ಸಲ ಯಂತ್ರದಲ್ಲಿ ರಕ್ತ ಸೋಸಿ ತೊಳೆದ ಮೇಲೆ ಪರೀಕ್ಷಿಸಿದಾಗ ಆ ಪ್ರತಿಕಾಯ ಸೊನ್ನೆ. ಅದನ್ನು ನಂಬಿ ಔಷಧಿ ನಿಲ್ಲಿಸಿ ಹದಿನೈದು ದಿನವಾಗಿತ್ತು. ಇಂದು ತೆಗೆದ ರಕ್ತದಲ್ಲಿ ಅದು ತುಂಬಿ ತುಳುಕುತ್ತಿತ್ತು!

ಪ್ರಯೋಗಾಲಯದ ಮುಖ್ಯಸ್ಥೆ ಬುರುಲ್ಚಾ ಅಕ್ಕ ವರದಿಯನ್ನು ಎರಡು ಸಲ ಓದಿದಳು. ಸೊನ್ನೆಯಿಂದ ಇಷ್ಟು ಬೇಗ ಇಷ್ಟಕ್ಕೇರುವುದೇ?

ಸೊನ್ನೆ ಬಂದ ದಿನದ ರಕ್ತದ ಕೊಳವೆ ನಾಲ್ಕು ಕೈ ದಾಟಿತ್ತು. ರಕ್ತ ತೆಗೆದವಳು ನರ್ಸ್ ಜಮೀಲ್ಯಾ, ಚೀಟಿ ಅಂಟಿಸಿದವರು ಅಕ್ಕನಿಗೂ ನನಗೂ ಪಾಠ ಹೇಳಿದ ಪ್ರೊಫೆಸರ್ ಸಗಿನಾಲಿ, ತಂದವನು ಚಾಲಕ ಎರ್ಕಿನ್ಬೆಕ್— ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು ನಾನು. ಅಕ್ಕ ನನ್ನನ್ನೂ ಬಿಡದೆ ಕೇಳಿದಳು. ಮಗು ಅಳುತ್ತಿತ್ತು, ತೆಗೆದ ಕೂಡಲೇ ಮೇಷ್ಟ್ರಿಗೆ ಕೊಟ್ಟೆ ಎಂದಳು ಜಮೀಲ್ಯಾ. ಎರ್ಕಿನ್ಬೆಕ್ ಗೊಣಗಿದ:

"ಕೊಳವೆ ರೆಡಿಯಿಲ್ಲ ಅಂತ ಮೇಷ್ಟ್ರು ಒಂದು ಗಂಟೆ ಕಾಯಿಸಿದ್ರು. ನನ್ನ ಸೂಪು ಆರಿ ನೀರಾಯ್ತು, ಅದನ್ನೂ ಬರ್ಕೊಳ್ಳಿ ಅಕ್ಕ."

ಶೈತ್ಯಪೆಟ್ಟಿಗೆಯಲ್ಲಿ ಉಳಿಸಿಟ್ಟಿದ್ದ ಅಂದಿನ ರಕ್ತವನ್ನು ಅಕ್ಕ ಮತ್ತೆ ಪರೀಕ್ಷಿಸಿದಳು. ಮಧ್ಯಾಹ್ನ ನನ್ನನ್ನು ಕರೆದುಕೊಂಡು ಮೇಷ್ಟ್ರ ಕೋಣೆಗೆ ಹೋದಳು.

"ರಕ್ತ ತೊಳೆದ್ರೆ ಕೆಟ್ಟ ಪ್ರತಿಕಾಯ ಮಾತ್ರ ಹೋಗುತ್ತಾ, ಮೇಷ್ಟ್ರೇ?"

"ಎಲ್ಲಾನೂ ಕಮ್ಮಿಯಾಗುತ್ತೆ. ನಾನೇ ಕಲಿಸಿದ್ದಲ್ವಾ?"

"ಹಾಗಿದ್ರೆ ಆ ಕೊಳವೆಯಲ್ಲಿ ದಡಾರ ತಡೆಯೋ ಪ್ರತಿಕಾಯ ಅಷ್ಟೊಂದು ಹೇಗೆ ಉಳೀತು?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ತೊಳೆದ ರಕ್ತವೇ ಅಲ್ಲ. ಗುಂಪು ಎಬಿ ನೆಗೆಟಿವ್. ಮಗುವಿನದು ಓ. ನಾಲ್ವರಲ್ಲಿ ಎಬಿ ನೆಗೆಟಿವ್ ಇರೋದು ನಿಮ್ಮೊಬ್ಬರದ್ದೇ."

 

ಮೇಷ್ಟ್ರು ಮೆಲ್ಲಗೆ ಹೇಳಿದರು. ಐದೇ ತೊಳೆತ ಸಾಕೆಂಬುದು ಅವರ ಹೊಸ ಪದ್ಧತಿ. ಐಝಿರೆಕ್‌ಳಲ್ಲಿ ಅದು ಸೋತಿತ್ತು. ಒಂದು ಸೋಲಿನಿಂದ ಪದ್ಧತಿಯೇ ನಿಂತುಹೋಗುತ್ತದೆಂದು ಹೆದರಿ ಅವಳ ಕೊಳವೆಗೆ ತಮ್ಮ ರಕ್ತ ತುಂಬಿದ್ದರು.

"ಕಣ್ಣು ಬರುತ್ತಾ?" ಎಂದು ಕೇಳಿದರು.

"ಔಷಧಿ ಶುರು ಮಾಡಿದ್ದೀವಿ," ಎಂದಳು ಅಕ್ಕ. " ಎಡಗಣ್ಣು ಬರಬಹುದು. ಬಲಗಣ್ಣು ಗೊತ್ತಿಲ್ಲ. ಆಡಳಿತಕ್ಕೆ ನಾನು ಬರೆದಾಯ್ತು. ಅವಳ ಅಪ್ಪನಿಗೆ ನೀವೇ ಹೇಳಿ."

ಮೇಷ್ಟ್ರು ಹೊರಗಿನ ಪಡಸಾಲೆಗೆ ನಡೆದರು. ಐಝಿರೆಕ್‌ಳ ಅಪ್ಪ ನಾರಿನ್ ಬೆಟ್ಟದ ಕುರುಬ. ಅವರನ್ನು ಕಂಡೊಡನೆ ಟೋಪಿ ಸರಿಪಡಿಸಿಕೊಂಡು ಎದ್ದು, ಎದೆಗೆ ಕೈಯಿಟ್ಟು, ತಾನು ಕೂತಿದ್ದ ಕುರ್ಚಿಯನ್ನು ಅವರತ್ತ ಸರಿಸಿದ.